ಎಂಟನೆಯ ಆಸನ

ಸೂರ್ಯ ಸಿಟ್ಟಿಗೆದ್ದ ಆ ಬೇಸಿಗೆಗೆ ಗದಗ ಸೀಮೆಯ ಜನ ಬೆಂಕಿಗಾಳಿ ಎಂದು ಹೆಸರಿಟ್ಟರು. ನಿಜ ಹೇಳಬೇಕೆಂದರೆ ಗಾಳಿಯೂ ಬೀಸಿರಲಿಲ್ಲ, ಬೆಂಕಿಯೂ ಬಿದ್ದಿರಲಿಲ್ಲ. ಕೆಲವು ಸಂಜೆ ಆಕಾಶ ಕುಂಕುಮ ಕಲಸಿದ ನೀರಿನಂತೆ ಕೆಂಪಾಗಿ ನಿಂತಿತ್ತು, ಅಷ್ಟೇ. ಆದರೆ ಆ ಕೆಂಪು ಇಳಿಯುವಷ್ಟರಲ್ಲಿ ಮೇಲಿನ ಉಪಗ್ರಹಗಳು ಸುಟ್ಟಿದ್ದವು, ಊರೂರಿನ ಟವರುಗಳು ಸತ್ತಿದ್ದವು, ಜನರ ಕೈಯಲ್ಲಿದ್ದ ಮೊಬೈಲುಗಳು ಕನ್ನಡಿಯ ಚೂರುಗಳಾಗಿ ಉಳಿದಿದ್ದವು. ಬದುಕಿದ್ದು ಒಂದೇ ಒಂದು: ನೆಲದಡಿ ಹುಗಿದಿದ್ದ ಹಳೆಯ ಟೆಲಿಫೋನಿನ ತಾಮ್ರದ ತಂತಿ. ಯಾರಿಗೂ ಬೇಡವಾಗಿ, ಯಾವುದಕ್ಕೂ ಜೋಡಿಸದೆ ಬಿದ್ದಿತ್ತಲ್ಲ, ಅದಕ್ಕೇ ಬದುಕಿತು.

ಬಡವನ ಮನೆಯ ಮುರುಕು ಕೊಡೆಗೂ ಮಳೆಗಾಲದಲ್ಲಿ ಮರ್ಯಾದೆ ಬರುತ್ತದೆ. ಗುಜರಿ ಅಂಗಡಿಗಳಲ್ಲಿ ಧೂಳು ತಿನ್ನುತ್ತಿದ್ದ ಮೋಡೆಮ್‌ಗಳನ್ನು ಸರಕಾರ ಹುಡುಕಿ ಹುಡುಕಿ ತರಿಸಿತು. ಕಂಪ್ಯೂಟರಿನ ಮಾತನ್ನು ಶಿಳ್ಳೆಯಾಗಿ ಬದಲಿಸಿ ಫೋನ್ ತಂತಿಯಲ್ಲಿ ಕಳಿಸುವ, ಆಚೆ ತುದಿಯಲ್ಲಿ ಶಿಳ್ಳೆಯನ್ನು ಮತ್ತೆ ಮಾತಾಗಿಸುವ ಆ ಡಬ್ಬಿಗಳ ಕಿರುಚಾಟ ಮತ್ತೊಮ್ಮೆ ಕಚೇರಿಗಳಲ್ಲಿ ಕೇಳತೊಡಗಿತು.

ಗದಗದ ಮೌನವಾಣಿ ಕೇಂದ್ರ ನಡೆಯುತ್ತಿದ್ದುದು ಇಂಥ ಡಬ್ಬಿಗಳ ಮೇಲೆಯೇ. ಪಾರ್ಶ್ವವಾಯು ಹೊಡೆದು ನಾಲಿಗೆ, ಕೈಕಾಲು, ಕಣ್ಣೆವೆ ಕೂಡ ಸೋತವರ ತಲೆಬುರುಡೆಯ ಒಳಗೆ ನಾಣ್ಯದಷ್ಟು ದೊಡ್ಡ ಬಿಲ್ಲೆಯೊಂದನ್ನು ಕೂರಿಸಿದ್ದರು. ರೋಗಿ ಕೈಯಿಂದ ಬರೆಯುವಂತೆ ಮನಸ್ಸಿನಲ್ಲೇ ಅಕ್ಷರ ಬರೆದರೆ ಬಿಲ್ಲೆ ಅದನ್ನು ಗುರುತಿಸುತ್ತಿತ್ತು. ಮಂಚದ ಪಕ್ಕದ ಪೆಟ್ಟಿಗೆ ಬಿಲ್ಲೆಗೆ ವಿದ್ಯುತ್ತನ್ನೂ ಕೊಟ್ಟು, ಅದರ ಅಕ್ಷರಗಳನ್ನು ಫೋನಿನ ಮೂಲಕ ಕೇಂದ್ರಕ್ಕೂ ಕಳಿಸುತ್ತಿತ್ತು. ಪೆಟ್ಟಿಗೆಗೆ ಅಕ್ಷರದ ಆಕಾರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಕೇಂದ್ರದ ಕಂಪ್ಯೂಟರು ಆ ಸಂಖ್ಯೆಗಳಿಗೆ ಅಕ್ಷರದ ರೂಪ ಕೊಟ್ಟು ಹಿಂದಕ್ಕೆ ಕಳಿಸಿದರೆ, ಬಸ್ ಕಂಡಕ್ಟರರ ಟಿಕೆಟ್ ಯಂತ್ರದಿಂದ ಕಿತ್ತು ಪೆಟ್ಟಿಗೆಗೆ ಹಚ್ಚಿದ ಪುಟ್ಟ ಮುದ್ರಕದಿಂದ ರೋಗಿಯ ಮಾತು ಟಿಕೆಟಿನ ಹಾಗೆ ಹೊರಬರುತ್ತಿತ್ತು.

ಬರುತ್ತಿತ್ತು ಎಂದೆ. ಬೆಂಕಿಗಾಳಿಯ ಮುಂಚೆ, ಮೊಬೈಲಿನ ಕಾಲದಲ್ಲಿ, ಎಲ್ಲರ ಮಾತೂ ಸರಿಯಾಗಿ ಬರುತ್ತಿತ್ತು. ತಾಮ್ರದ ತಂತಿಗೆ ಬಂದ ಮೇಲೆ ಕೆಟ್ಟಿತು.

ಕೇಂದ್ರದ ಇಂಜಿನಿಯರ್ ನಳಿನಾ ಬಡಿಗೇರ ಕೆಲಸದಲ್ಲಿ ಗಟ್ಟಿ ಹೆಂಗಸು, ಹೊಗಳಿಕೆಗೆ ಮಾತ್ರ ಸ್ವಲ್ಪ ಮೆದು. ಹಳೆಯ ತಂತಿಯಲ್ಲಿ ಗದ್ದಲ ವಿಪರೀತ. ಕೇಂದ್ರದಿಂದ ಇಂಗ್ಲಿಷಿನ ಪರೀಕ್ಷಾ ವಾಕ್ಯ ಕಳಿಸಿದರೆ ಅರ್ಧ ಅಕ್ಷರಗಳು ದಾರಿಯಲ್ಲೇ ಹಲ್ಲು ಮುರಿದುಕೊಂಡು ತಲುಪುತ್ತಿದ್ದವು. ಆಗ ಅವಳು ಎಲ್ಲ ಪೆಟ್ಟಿಗೆಗಳಲ್ಲಿ ಮೋಡೆಮಿಗೆ ಅಕ್ಷರ ದಾಟಿಸುವ ಸೀರಿಯಲ್ ಪೋರ್ಟಿನ ಹೊಂದಾಣಿಕೆಯನ್ನೇ ಬದಲಿಸಿದಳು. ಅವಳು ಮಾಡಿದ್ದು ಏನೆಂದು ತಿಳಿಯಲು ನಮ್ಮ ಕಡೆ ಜನರನ್ನು ತುಂಬಿಕೊಂಡು ಓಡುವ ದೊಡ್ಡ ಆಟೊ, ಟಂಟಂ ಗಾಡಿಯನ್ನು ನೆನೆಸಿಕೊಂಡರೆ ಸಾಕು. ಒಂದೊಂದು ಅಕ್ಷರವೂ ಎಂಟು ಆಸನದ ಒಂದೊಂದು ಟಂಟಂ ಹತ್ತಿ ಹೋಗುತ್ತದೆ. ಯಾವ ಆಸನ ತುಂಬಿದೆ, ಯಾವುದು ಬರಿದು ಎಂಬುದೇ ಆ ಅಕ್ಷರದ ಸಂಖ್ಯೆ. ನಳಿನಾ ಏಳು ಆಸನಗಳನ್ನು ಅಕ್ಷರಕ್ಕೆ ಬಿಟ್ಟು ಎಂಟನೆಯದರಲ್ಲಿ ಒಬ್ಬ ತನಿಖೆದಾರನನ್ನು ಕೂರಿಸಿದಳು. ಅವನಿಗೆ ಪ್ಯಾರಿಟಿ ಎಂದು ಹೆಸರು. ಹೊರಡುವಾಗ ತಲೆ ಎಣಿಸಿ, ಇಳಿಯುವಾಗ ಮತ್ತೆ ಎಣಿಸಿ, ಲೆಕ್ಕ ತಪ್ಪಿದರೆ ಕೂಗೆಬ್ಬಿಸುವುದು ಅವನ ಕೆಲಸ. ಅವನು ಕೂಗಿದರೆ ಕೇಂದ್ರ ಆ ಅಕ್ಷರವನ್ನು ಮತ್ತೆ ಕಳಿಸು ಎನ್ನುತ್ತದೆ. ಪರೀಕ್ಷಾ ವಾಕ್ಯಗಳು ತೊಳೆದ ಮುತ್ತಿನಂತೆ ಬಂದವು. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಸುಧೀಂದ್ರ ಕಟ್ಟಿ ಎಲ್ಲರ ಎದುರು ಅವಳನ್ನು ಮೆಚ್ಚಿ ಮಾತಾಡಿದರು. ಆ ಸಂಜೆ ಅವಳು ಪೇಢೆ ಹಂಚಿದ್ದಳು.

ತಂತಿ ಸರಿಹೋಯಿತು, ಮಾತು ಸರಿಹೋಗಲಿಲ್ಲ. ಧಾರವಾಡದ ಒಬ್ಬ ನಿವೃತ್ತ ಪ್ರೊಫೆಸರರು ಮತ್ತು ಒಬ್ಬ ಬ್ಯಾಂಕ್ ಅಧಿಕಾರಿ, ಇಬ್ಬರೇ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಮಾತಾಡಿದರು. ಉಳಿದವರ ಕಾಗದದಲ್ಲೆಲ್ಲ ಬರೀ ಗೀಚು, ಬಿಡಿ ಇಂಗ್ಲಿಷ್ ಅಕ್ಷರ, ಕಂಸ, ಅಂಕಿ, ಚುಕ್ಕಿ. ತಂತಿ ಒಳ್ಳೆಯದಿದೆ, ಇಬ್ಬರು ಮಾತಾಡುತ್ತಿದ್ದಾರಲ್ಲ ಸಾಕ್ಷಿಗೆ. ಹಾಗಾದರೆ ಉಳಿದವರ ತಲೆಯೊಳಗಿನ ಬಿಲ್ಲೆಯನ್ನೋ ಅದರ ಸುತ್ತಲಿನ ಮಿದುಳನ್ನೋ ಬೆಂಕಿಗಾಳಿ ಸುಟ್ಟಿರಬೇಕು ಎಂದು ಕೇಂದ್ರದ ಸಮಿತಿ ತೀರ್ಮಾನಿಸಿತು. ಸ್ಪಂದನೆ ಇಲ್ಲ ಎಂಬುದು ಕಡತದ ಮಾತು. ಕೇಂದ್ರದ ಪಡಸಾಲೆಯಲ್ಲಿ ಓಡಾಡುತ್ತಿದ್ದ ಮಾತು ಬೇರೆ: ಖಾಲಿ. ಇಂಥವರು ಖಾಲಿ, ಅಂಥವರು ಖಾಲಿ, ಬಾಡಿಗೆ ಮನೆಯ ಬಗ್ಗೆ ಹೇಳಿದ ಹಾಗೆ.

ಮೊದಲು ಖಾಲಿಯೆನಿಸಿಕೊಂಡವರು ಮುಂಡರಗಿಯ ನೀಲವ್ವ. ಬಸ್ ನಿಲ್ದಾಣದ ಎದುರು ಖಾನಾವಳಿ ನಡೆಸಿದ ಗಟ್ಟಿ ಜೀವ. ರೊಟ್ಟಿಗಿಂತ ಅವರ ಬೈಗುಳ ಖಾರ ಎಂದು ಗಿರಾಕಿಗಳು ನಗುತ್ತಿದ್ದರು, ನಕ್ಕು ಮತ್ತೆ ಅಲ್ಲಿಗೇ ಉಣ್ಣಲು ಬರುತ್ತಿದ್ದರು. ಸಮಿತಿಯ ಕಡೆಯ ಪರೀಕ್ಷೆಗೆ ಅವರ ಮನೆಗೆ ಹೋದವಳು ನಳಿನಾಳೇ. ಕಿವಿಯ ಬಳಿ ಬಗ್ಗಿ ಕೇಳಿಸುತ್ತದೆಯೇ ಎಂದು ಕೇಳಿದಳು. ಕಾಗದದಲ್ಲಿ ಬಂದದ್ದು XfD] ಎಂಬ ನಾಲ್ಕು ಗೀಚು. ಮಗಳು ಶಕುಂತಲಾಳ ಗುರುತು ಸಿಗುತ್ತದೆಯೇ ಎಂದು ಕೇಳಿದಳು. XfD]. ನೋವಿದೆಯೇ ಎಂದು ಕೇಳಿದಳು. XfD]. ಏನು ಕೇಳಿದರೂ ಅದೇ ನಾಲ್ಕು ಬರುತ್ತಿದೆ, ಕೆಸರಿನಲ್ಲಿ ಸಿಕ್ಕಿದ ಗಾಲಿ ಇದ್ದಲ್ಲೇ ತಿರುಗಿದ ಹಾಗೆ, ಎಂದು ಅವಳು ಸಮಿತಿಗೆ ವಿವರಿಸಿದಳು. ಹೋಲಿಕೆ ಚೆನ್ನಾಗಿದೆ ಎಂದು ಯಾರೋ ಅಂದರು. ಪೆಟ್ಟಿಗೆಗಳು ಕಡಿಮೆ, ಕಾಯುವವರು ಬಹಳ. ನೀಲವ್ವನ ಪೆಟ್ಟಿಗೆಯನ್ನು ಬಿಚ್ಚಿ ತಂದರು.

ಆ ಪೆಟ್ಟಿಗೆ ಹೋದದ್ದು ಗದಗದ ಫಕ್ಕೀರಪ್ಪ ದೊಡ್ಡಮನಿಯವರ ಮನೆಗೆ. ಅವರ ಪೆಟ್ಟಿಗೆ ಬೆಂಕಿಗಾಳಿಯಲ್ಲಿ ಸುಟ್ಟಿತ್ತು. ಫಕ್ಕೀರಪ್ಪ ಎಂದರೆ ಯಾರಿಗೂ ತಿಳಿಯಲಿಕ್ಕಿಲ್ಲ, ಆದರೆ ಅವರ ದನಿ ಗೊತ್ತಿಲ್ಲದವರು ಆ ಊರಲ್ಲಿಲ್ಲ. ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಯಾವ ಬಸ್ಸು ಯಾವ ಅಂಕಣದಲ್ಲಿದೆ, ಯಾವುದು ಇನ್ನೇನು ಹೊರಡಲಿದೆ ಎಂದು ಹೇಳುತ್ತಿದ್ದ ದನಿ ಅದು. ಅವರ ಕಾಗದದಲ್ಲೂ ಗೀಚೇ ಬಂತು. ಸಮಿತಿ ಶುಕ್ರವಾರ ಸೇರುವುದೆಂದಾಯಿತು. ಅಷ್ಟರೊಳಗೆ ಒಂದಾದರೂ ಅರ್ಥವಿರುವ ಮಾತು ಬರದಿದ್ದರೆ ಫಕ್ಕೀರಪ್ಪನೂ ಖಾಲಿ, ಪೆಟ್ಟಿಗೆ ಇನ್ನೊಬ್ಬರಿಗೆ.

ಬುಧವಾರ ಮಧ್ಯಾಹ್ನ ನಳಿನಾ ಅವರ ಮನೆಗೆ ಹೋದಳು. ಫಕ್ಕೀರಪ್ಪನ ಹೆಂಡತಿ ಈರವ್ವ ಗಂಡನ ಬಾಯಿಗೆ ಗಂಜಿಯ ನಳಿಗೆ ಇಟ್ಟು ಕೂತಿದ್ದರು. ಗೋಡೆಯ ಮೊಳೆಗೆ ಗೀಚು ಕಾಗದದ ಸುರುಳಿಗಳನ್ನು ಹೂವಿನ ಮಾಲೆಯ ಹಾಗೆ ಸಿಕ್ಕಿಸಿದ್ದರು. ಓದಲು ಬರದ ಕಾಗದವನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ನಳಿನಾ ಕೇಳಬಾರದಿತ್ತು, ಕೇಳಿಬಿಟ್ಟಳು.

"ಓದಾಕ ಬರಲಿ ಬಿಡ್ಲಿ, ಅವರು ಕೊಟ್ಟದ್ದಲ್ಲೇನವ್ವಾ" ಎಂದರು ಈರವ್ವ. "ನಾ ಅತ್ತರ ಜಾಸ್ತಿ ಬರ್ತದ ಕಾಗದ. ಸುಮ್ಮನಿದ್ರ ನಿಲ್ತದ. ಖಾಲಿ ಮನಿ ಹಂಗ ಮಾಡ್ತದೇನು?"

ನಳಿನಾ ಪೆಟ್ಟಿಗೆಯ ಕಡೆ ತಿರುಗಿದಳು. ಪೆಟ್ಟಿಗೆಯ ಗಾಜಿನ ಮೇಲೆ ಸಂಪರ್ಕದ ವೇಗ 115200 ಎಂದು ಹೊಳೆಯುತ್ತಿತ್ತು. ಇಷ್ಟು ವೇಗದ ತಂತಿಯಲ್ಲಿ ಇನ್ನೇನು ದೋಷ ಹುಡುಕುತ್ತೀರಿ ಎಂದು ಕಟ್ಟಿಯವರು ಕೇಳಿದ್ದು ಈ ಅಂಕಿಯನ್ನು ನೋಡಿಯೇ. ಅದು ಪೆಟ್ಟಿಗೆಯಿಂದ ಮೋಡೆಮ್‌ವರೆಗಿನ ಮೊಳದುದ್ದದ ಕೇಬಲ್ಲಿನ ವೇಗ, ಊರಾಚೆಯ ರಸ್ತೆಯದಲ್ಲ, ಎಂದು ಅವಳು ಹೇಳಿದ್ದಳು. ಅಂಗಳದಲ್ಲಿ ಓಡಿದವನು ಹೆದ್ದಾರಿಯಲ್ಲೂ ಹಾಗೇ ಓಡುತ್ತಾನೆಂದು ನಂಬುವುದು ಹೇಗೆ? ತಂತಿಯ ಮೇಲಿನ ನಿಜವಾದ ವೇಗ ಅದರ ಕಾಲುಭಾಗಕ್ಕಿಂತ ಕಡಿಮೆ, ಅದೂ ಕುಂಟುತ್ತ. ಆದ್ದರಿಂದ ಅವಳಿಗೆ ಉಳಿದಿದ್ದ ಒಂದೇ ಅನುಮಾನ ವೇಗದ ಮೇಲೆ. ಮೋಡೆಮನ್ನು ಸೆಕೆಂಡಿಗೆ ಸಾವಿರದ ಇನ್ನೂರು ಬಿಟ್‌ಗಳಿಗೆ ಇಳಿಸಿದಳು. ಎತ್ತಿನ ಬಂಡಿಯ ನಡಿಗೆ ಅದು, ಆದರೆ ಎಡವುವುದಿಲ್ಲ.

ಗುರುವಾರ ಬೆಳಿಗ್ಗೆ ಕೇಂದ್ರದಲ್ಲಿ ಕೂತು ಪರೀಕ್ಷೆ ನಡೆಸಿದಳು. ಫಕ್ಕೀರಪ್ಪನ ಮಂಚದ ಬಳಿ ಆರೋಗ್ಯ ಸಹಾಯಕಿ ಪ್ರಶ್ನೆ ಕೇಳಿ, ಪಕ್ಕದ ಮನೆಯ ಫೋನಿನಿಂದ ನಳಿನಾಳಿಗೆ ಹೇಳಬೇಕು. ತನಿಖೆದಾರ ಒಮ್ಮೆಯೂ ಕೂಗಲಿಲ್ಲ. ತಂತಿಯಲ್ಲಿ ಒಂದು ಅಕ್ಷರವೂ ಕೆಟ್ಟಿಲ್ಲ. ಆದರೂ ಪರದೆಯ ಮೇಲೆ ಅದೇ ಗೀಚು, ವೇಗವಾಗಿದ್ದಾಗ ಬಂದಂಥದ್ದೇ. ಗದ್ದಲದಿಂದ ಹುಟ್ಟಿದ ಗೀಚಾಗಿದ್ದರೆ ಸಲಸಲಕ್ಕೂ ಬೇರೆಯಾಗಬೇಕಿತ್ತು. ಇದು ಬದಲಾಗುವುದಿಲ್ಲ. ಈರವ್ವ ನಿಮ್ಮ ಪಕ್ಕದಲ್ಲಿದ್ದಾರೆಯೇ ಎಂದು ಸಹಾಯಕಿ ಕೇಳಿದ್ದಕ್ಕೆ ಪರದೆಯ ಮೇಲೆ ನಾಲ್ಕು ಗುರುತು ಮೂಡಿದವು.

XfD].

ನಳಿನಾ ಅದನ್ನು ಇನ್ನೊಮ್ಮೆ ಓದಿದಳು. ಈ ನಾಲ್ಕನ್ನು ಅವಳು ಮರೆತಿರಲಿಲ್ಲ. ನೀಲವ್ವನ ಗಾಲಿ ಸಿಕ್ಕಿಕೊಂಡ ಕೆಸರು ಇದು. ಪೆಟ್ಟಿಗೆಯಲ್ಲೇ ನೀಲವ್ವನ ಹಳೆಯ ಅಕ್ಷರ ಉಳಿದಿರಬಹುದೇ ಎಂದು ನೋಡಿದಳು, ಪೆಟ್ಟಿಗೆಗೆ ನೆನಪೇ ಇಲ್ಲ. ಬೇರೆ ಊರು, ಬೇರೆ ತಲೆ, ಬೇರೆ ಬಿಲ್ಲೆ. ಕೆಡುವ ಮಿದುಳುಗಳು ಒಂದೇ ರೀತಿ ಕೆಡುತ್ತವೆಯೇ?

ಮಧ್ಯಾಹ್ನ ಮನೆಗೆ ಬಂದವಳು ಊಟಕ್ಕೆ ಕೂತರೂ ತುತ್ತು ಎತ್ತಲಿಲ್ಲ. ಗಂಡ ಗುರುಪಾದ ಹೈಸ್ಕೂಲಿನ ಗಣಿತದ ಮಾಸ್ತರ. ಮಾತು ಕಡಿಮೆ, ಆಡಿದರೆ ಪಾಠ ಮಾಡಿದ ಹಾಗೆ ಎಂದು ಅವಳು ಛೇಡಿಸುವುದುಂಟು. ಅವಳು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಅವನು ಮಜ್ಜಿಗೆಯ ಲೋಟ ಹಿಡಿದು ಕೇಳಿದ.

"ಇಬ್ಬರು ಹುಡುಗರು ಒಂದೇ ತಪ್ಪು ಉತ್ತರ ಬರದ್ರ, ಒಬ್ಬ ಇನ್ನೊಬ್ಬಂದು ನೋಡಿ ಬರದಾನ ಅಂತೀವಿ" ಎಂದ. "ಇಡೀ ಕ್ಲಾಸೇ ಒಂದೇ ತಪ್ಪು ಬರದ್ರ?"

ಅವಳು ಅವನ ಮುಖ ನೋಡಿದಳು.

"ತಪ್ಪು ಮಾಸ್ತರಂದು" ಎಂದ ಗುರುಪಾದ. ಅವನು ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ. ಆದರೆ ಪೆಟ್ಟಿಗೆಗಳಿಗೆಲ್ಲ ಪಾಠ ಹೇಳಿದ ಮಾಸ್ತರ ಯಾರೆಂದು ಅವಳಿಗೆ ಗೊತ್ತಿತ್ತು. ಎದ್ದು ಕೈ ತೊಳೆದು ನೇರ ಕೇಂದ್ರಕ್ಕೆ ಹೋದಳು.

ಸೀರಿಯಲ್ ಪೋರ್ಟಿನ ಹೊಂದಾಣಿಕೆ ತೆರೆದಳು. ಏಳು ಡೇಟಾ ಬಿಟ್, ಸಮ ಪ್ಯಾರಿಟಿ, ಒಂದು ಸ್ಟಾಪ್ ಬಿಟ್. ತಾನೇ ಬರೆದದ್ದು, ಪೇಢೆ ಹಂಚಿದ್ದು ಇದಕ್ಕೇ. ಏಳು ಆಸನ ಅಕ್ಷರಕ್ಕೆ, ಒಂದು ತನಿಖೆದಾರನಿಗೆ. ಇಂಗ್ಲಿಷಿನ ಅಕ್ಷರಗಳಿಗೆ ಏಳು ಆಸನ ಸಾಕು, ಅವುಗಳ ಸಂಖ್ಯೆ ನೂರಿಪ್ಪತ್ತೇಳನ್ನು ದಾಟುವುದಿಲ್ಲ. ಬಿಲ್ಲೆಯೊಳಗೆ ಕನ್ನಡದ ಅಕ್ಷರಗಳನ್ನು ಇಟ್ಟಿದ್ದು ಆಮೇಲಿನ ಸಂಖ್ಯೆಗಳಲ್ಲಿ. ಕನ್ನಡದ ಒಂದೊಂದು ಅಕ್ಷರವೂ ಎಂಟನೆಯ ಆಸನದಲ್ಲಿ ಒಬ್ಬನನ್ನು ಕೂರಿಸಿಕೊಂಡೇ ಹೊರಡಬೇಕು. ಅವನನ್ನು ಇಳಿಸಿದರೆ ಆ ಆಸನದ ಬೆಲೆಯಾದ ನೂರಿಪ್ಪತ್ತೆಂಟು ಸಂಖ್ಯೆಯಿಂದ ಕಡಿಮೆಯಾಗುತ್ತದೆ, ಕನ್ನಡದ ಅಕ್ಷರ ಇಂಗ್ಲಿಷಿನ ಯಾವುದೋ ಗುರುತಾಗಿ ಆಚೆ ಇಳಿಯುತ್ತದೆ. ತನಿಖೆದಾರ ಕೂಗುವುದೂ ಇಲ್ಲ, ಏಕೆಂದರೆ ಉಳಿದ ಏಳು ತಲೆಗಳ ಲೆಕ್ಕ ಸರಿಯಾಗಿಯೇ ಇರುತ್ತದೆ. ಇಂಗ್ಲಿಷ್ ಬಲ್ಲ ಇಬ್ಬರು ಮಾತಾಡಿದ್ದರು. ಪರೀಕ್ಷಾ ವಾಕ್ಯ ಇಂಗ್ಲಿಷಿನದಾಗಿತ್ತು. ಕನ್ನಡದಲ್ಲಿ ಒಂದು ಪದ, ಒಂದೇ ಒಂದು ಪದ ಕಳಿಸಿ ನೋಡಬೇಕೆಂದು ಗದಗದಲ್ಲಿ ಕೂತ ಯಾರಿಗೂ ತೋಚಿರಲಿಲ್ಲ. ಅವಳಿಗೂ ತೋಚಿರಲಿಲ್ಲ.

ಒಂದು ಚೀಟಿಯಲ್ಲಿ ಆ ನಾಲ್ಕು ಗುರುತುಗಳ ಸಂಖ್ಯೆ ಬರೆದು ಒಂದೊಂದಕ್ಕೂ ನೂರಿಪ್ಪತ್ತೆಂಟು ಕೂಡಿಸಿದಳು. ಮೊದಲನೆಯದು ಹ. ಎರಡನೆಯದು ಔಕಾರದ ಗುರುತು. ಮೂರನೆಯದು ದ. ನಾಲ್ಕನೆಯದು ಉಕಾರ.

ಹೌದು.

ಕೇಳಿಸುತ್ತದೆಯೇ? ಹೌದು. ಮಗಳ ಗುರುತು ಸಿಗುತ್ತದೆಯೇ? ಹೌದು. ನೋವಿದೆಯೇ? ಹೌದು.

ನಳಿನಾ ಕುರ್ಚಿಯಲ್ಲೇ ಮುದುಡಿಕೊಂಡು ಅತ್ತಳು. ತನ್ನ ಮೇಲೆ ಇಷ್ಟು ಅಸಹ್ಯ ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಒಬ್ಬ ಮುದುಕಿ ನೋವಿದೆ ಎಂದು ಬಾಯಿಬಿಟ್ಟು ಹೇಳಿದ್ದಳು, ತಾನು ಅದಕ್ಕೊಂದು ಹೋಲಿಕೆ ಕೊಟ್ಟಿದ್ದಳು.

ಅಳುತ್ತ ಕೂರಲು ಸಮಯವಿರಲಿಲ್ಲ. ಎಂಟೂ ಆಸನ ಅಕ್ಷರಕ್ಕೇ ಕೊಟ್ಟರೆ ತನಿಖೆದಾರನಿಗೆ ಜಾಗವಿಲ್ಲ, ಕಾವಲಿಲ್ಲದ ಮೇಲೆ ನಿಧಾನವಾಗಿಯೇ ಹೋಗಬೇಕು. ಸಾವಿರದ ಇನ್ನೂರರ ವೇಗ ಹಾಗೇ ಇರಲಿ ಎಂದು ಬಿಟ್ಟಳು. ಎರಡೂ ತುದಿಯ ಹೊಂದಾಣಿಕೆ ಒಂದೇ ಆಗಬೇಕು, ಇಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಮೊದಲು ಫಕ್ಕೀರಪ್ಪನ ಪೆಟ್ಟಿಗೆಗೆ ಕರೆಮಾಡಿ ಅದರದನ್ನು ಬದಲಿಸಿದಳು. ಸಂಪರ್ಕ ಕಡಿಯಿತು. ತನ್ನ ಕಡೆಯದನ್ನೂ ಬದಲಿಸಿ ಮತ್ತೆ ಕರೆಮಾಡಿದಳು. ಮೋಡೆಮ್ ಶಿಳ್ಳೆ ಹಾಕಿತು, ಕಿರುಚಿತು, ಗೊರಗೊರ ಎಂದಿತು, ಆಮೇಲೆ ಸುಮ್ಮನಾಯಿತು. ಪರದೆಯ ಮೇಲೆ ಕನ್ನಡ ಒಂದೊಂದೇ ಅಕ್ಷರವಾಗಿ ಇಳಿಯತೊಡಗಿತು.

ಈರವ್ವ ಅಳಬ್ಯಾಡ. ನಾ ಇಲ್ಲೇ ಅದೀನಿ. ಬಸ್ ಇನ್ನೂ ಬಿಟ್ಟಿಲ್ಲ.

ಸ್ವಲ್ಪ ಬಿಟ್ಟು ಮತ್ತೆ ಅದೇ ಮೂರು ಮಾತು ಬಂದವು. ಅವರು ಎಷ್ಟು ಕಾಲದಿಂದ ಅದನ್ನೇ ಹೇಳುತ್ತಿದ್ದರೋ. ಅವರ ಪಕ್ಕದ ಮನೆಯ ಫೋನಿನಿಂದ ಸಹಾಯಕಿಯ ದನಿ ಬಂತು. ಟಿಕೆಟ್ ಕಾಗದ ಹಿಡಿದುಕೊಂಡು ಈರವ್ವ ಬಾಗಿಲಲ್ಲೇ ಕುಸಿದು ಕೂತಿದ್ದಾರೆ, ಓದಿ ಹೇಳು ಅಂತಾರೆ, ಓದಿ ಹೇಳಿದರೆ ಮತ್ತೊಮ್ಮೆ ಓದು ಅಂತಾರೆ ಎಂದಳು.

ಕಟ್ಟಿಯವರಿಗೆ ಎಲ್ಲವನ್ನೂ ಹೇಳಿದಳು. ಸಮಿತಿಯ ಸಹಿ ನನ್ನದು, ನಿನ್ನೊಬ್ಬಳ ತಲೆಗೆ ಇದನ್ನು ಕಟ್ಟಿಕೊಳ್ಳಬೇಡ ಎಂದರು. ಒಳ್ಳೆಯ ಮಾತೇ. ಅದರಿಂದ ಅವಳಿಗೆ ಸಮಾಧಾನವೇನೂ ಆಗಲಿಲ್ಲ. ಎಲ್ಲ ಪೆಟ್ಟಿಗೆಗಳ ಹೊಂದಾಣಿಕೆ ಬದಲಿಸಲು ಬೇರೆಯವರನ್ನು ಕೂರಿಸಿ, ಕೇಂದ್ರದ ಪರೀಕ್ಷೆಗೆಂದು ಇಟ್ಟಿದ್ದ ಒಂದೇ ಒಂದು ಹೆಚ್ಚಿನ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಅವಳು ಶುಕ್ರವಾರ ಬೆಳಿಗ್ಗೆ ಮುಂಡರಗಿಯ ಬಸ್ಸು ಹತ್ತಿದಳು. ಒಂದು ತಾಸಿನ ದಾರಿಯುದ್ದಕ್ಕೂ ಹೇಗೆ ಶುರುಮಾಡಬೇಕೆಂದು ಯೋಚಿಸಿದಳು, ಶುರು ಸಿಗಲಿಲ್ಲ.

ಖಾನಾವಳಿಯ ಗಲ್ಲಾದ ಮೇಲೆ ಶಕುಂತಲಾ ಕೂತಿದ್ದಳು. ನಳಿನಾಳನ್ನು ಕಂಡೊಡನೆ ಮುಖ ಗಂಟಿಕ್ಕಿದಳು, ಬಿಚ್ಚಿಕೊಂಡು ಹೋಗಲು ಇನ್ನೇನು ಉಳಿದಿದೆ ಎನ್ನುವ ಹಾಗೆ. ನಳಿನಾ ನಿಂತೇ ಎಲ್ಲವನ್ನೂ ಹೇಳಿದಳು, ನಡುವೆ ಏನನ್ನೂ ನುಂಗಲಿಲ್ಲ. ನಿಮ್ಮವ್ವ ಅವತ್ತು ಹೌದು ಎಂದಿದ್ದರು, ಮೂರೂ ಸಲ, ಕಡೆಯ ಪ್ರಶ್ನೆಗೂ, ಎಂದಳು. ಶಕುಂತಲಾ ಗಲ್ಲಾದ ಅಂಚನ್ನು ಹಿಡಿದುಕೊಂಡಳು. ಉಣ್ಣುತ್ತಿದ್ದ ಇಬ್ಬರು ಗಿರಾಕಿಗಳು ಕೈ ನಿಲ್ಲಿಸಿದರು.

"ನೀವು ಹೋದ ಮ್ಯಾಲೆ ನಾ ಅವ್ವನ ಕೂಡ ಮಾತಾಡೋದೇ ಬಿಟ್ಟೀನಿ" ಎಂದಳು ಶಕುಂತಲಾ. "ಗ್ವಾಡಿ ಕೂಡ ಏನ್ ಮಾತು ಅಂತ ಬಿಟ್ಟೀನಿ. ಒರೆಸತಿದ್ದೆ, ಉಣಸತಿದ್ದೆ, ಮಾತಾಡತಿದ್ದಿಲ್ಲ."

ಕ್ಷಮಿಸಿ ಎಂಬ ಮಾತು ನಳಿನಾಳಿಗೆ ಚಿಕ್ಕದೆನಿಸಿತು. ಪೆಟ್ಟಿಗೆ ಹಿಡಿದು ಒಳಗೆ ನಡೆದಳು.

ಒಳಗಿನ ಕೋಣೆಯಲ್ಲಿ ನೀಲವ್ವ ಅಂದು ಮಲಗಿದ್ದ ಹಾಗೆಯೇ ಮಲಗಿದ್ದರು, ಇನ್ನಷ್ಟು ಸವೆದಿದ್ದರು. ಕಣ್ಣು ಜಂತೆಯ ಕಡೆಗೆ. ನಳಿನಾ ಪೆಟ್ಟಿಗೆಯ ವೈರಿನ ತುದಿಗಿದ್ದ ಚಪ್ಪಟೆ ಚಕ್ಕೆಯನ್ನು ಅವರ ಕಿವಿಯ ಹಿಂದೆ, ಬಿಲ್ಲೆಯ ನೇರಕ್ಕೆ ಇಟ್ಟಳು. ಬರಿದಾಗಿದ್ದ ಬಿಲ್ಲೆಗೆ ವಿದ್ಯುತ್ತು ತುಂಬಲು ಬಹಳ ಹೊತ್ತು ಹಿಡಿಯಿತು. ಅಷ್ಟು ದಿನದ ಮೌನದಲ್ಲಿ ಒಳಗಿನ ಜೀವ ಬರೆಯುವುದನ್ನೇ ಬಿಟ್ಟಿದ್ದರೆ? ಬಾಗಿಲು ಬಡಿದು ಬಡಿದು ಸೋತವರು ಒಂದು ದಿನ ಬಡಿಯುವುದನ್ನು ನಿಲ್ಲಿಸುವುದಿಲ್ಲವೇ? ಶಕುಂತಲಾ ಗೋಡೆಗೆ ಒರಗಿ ನಿಂತಿದ್ದಳು, ಹತ್ತಿರ ಬರಲು ಅವಳಿಗೆ ಧೈರ್ಯವಿರಲಿಲ್ಲ.

ಹಸಿರು ದೀಪ ಬಂತು. ಮೋಡೆಮ್ ಗದಗಕ್ಕೆ ಕರೆಮಾಡಿ ಶಿಳ್ಳೆ ಹಾಕಿತು. ಕಿರುಚಿ, ಗೊರಗೊರ ಎಂದು, ಸುಮ್ಮನಾಯಿತು. ನಳಿನಾ ಮಂಚದ ಪಕ್ಕ ಮೊಣಕಾಲೂರಿ, ಅಂದು ಬಗ್ಗಿದ್ದ ಅದೇ ಕಿವಿಯ ಬಳಿ ಬಗ್ಗಿದಳು.

"ಅವ್ವಾ, ನಾನು ಗದಗದ ನಳಿನಾ. ನಿಮಗ ಕೇಳಸ್ತದೇನ್ರಿ?"

ಏನೂ ಬರಲಿಲ್ಲ. ಹೊರಗೆ ಯಾರೋ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಅದೂ ನಿಂತಿತು. ನಳಿನಾ ಇನ್ನೊಮ್ಮೆ ಕೇಳಲಿಲ್ಲ. ಕೇಳುವ ಹಕ್ಕು ತನಗೆ ಉಳಿದಿಲ್ಲ ಎನಿಸಿತು. ಸಾವಿರದ ಇನ್ನೂರರ ವೇಗ ನಿಧಾನ, ತಿಂಗಳುಗಟ್ಟಲೆ ಮೂಕವಾಗಿದ್ದ ಮನಸ್ಸು ಅದಕ್ಕಿಂತ ನಿಧಾನ. ಅವಳು ಕಾದಳು.

ಮುದ್ರಕ ಕಟಕಟ ಎಂದಿತು. ಕಾಗದ ಬೆರಳಗಲ ಹೊರಬಂದು ನಿಂತಿತು, ಮತ್ತೆ ಬೆರಳಗಲ ಬಂತು. ನಳಿನಾ ಅದನ್ನು ಹರಿಯದೆ ಓದಿದಳು. ಶಕುಂತಲಾ ಹತ್ತಿರ ಬಂದು ಅವಳ ಭುಜದ ಮೇಲಿಂದ ಬಗ್ಗಿ ತಾನೇ ಓದಿಕೊಂಡಳು, ಓದಿಕೊಂಡು ತಾಯಿಯ ಎದೆಯ ಮೇಲೆ ಮುಖವಿಟ್ಟಳು.

ಕಾಗದದ ಮೇಲೆ ಇದ್ದದ್ದು ಇಷ್ಟೇ:

ಹೌದು ಅಂತ ಎಷ್ಟ ಸಲ ಹೇಳಬೇಕು ನಿನಗ.